ಬೆಳಕು ಸೋರದ ಪರದೆ ಹೊಲಿಯುವುದು

2025ರ ಮೇ ತಿಂಗಳಲ್ಲಿ ಯುದ್ಧದ ಅಣಕು ಕಾರ್ಯಾಚರಣೆಯ ಪಟ್ಟಿಯಲ್ಲಿ ರಾಯಚೂರಿನ ಹೆಸರೂ ಬಂದಾಗ ಅಲ್ಲಿಗೆ ಹತ್ತಿರದ ಶಕ್ತಿನಗರದಿಂದ ಮಗಳು ಫೋನ್ ಮಾಡಿದಳು: ‘ಅಪ್ಪಾ, ಶತ್ರು ವಿಮಾನಕ್ಕೆ ಮನೆಯ ಬೆಳಕು ಕಾಣದಂತೆ ಕಿಟಕಿಗೆ ಏನು ಕಟ್ಟಲಿ?’ ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವನಿಗೆ ಒಂದು ಪರದೆ ಯಾವ ಲೆಕ್ಕ ಎಂದುಕೊಂಡೆ. ಮೊದಲನೆಯದು ಹಾಳಾಯಿತು.

ಬಟ್ಟೆ ಬಣ್ಣ ಮಾಸಿಸುವ ವಾಷಿಂಗ್‌ಗೆ ಹೋಗದ ಕಡುನೀಲಿ ಡೆನಿಮ್ ಆಗಿರಲಿ. ಟ್ಯೂಬ್‌ಲೈಟಿಗೆ ಹಿಡಿದು ಹಿಂದೆ ಬೆರಳಾಡಿಸಿ. ನೆರಳು ಕಂಡರೆ ಎರಡು ಪದರ ಮಾಡಿ. ಕಿಟಕಿಯ ಅಳತೆಗಿಂತ ನಾಲ್ಕೂ ಕಡೆ ಒಂದು ಗೇಣು ಹೆಚ್ಚು ಬಿಡಿ.

ನಾನು ಎಡವಿದ್ದು ಹೊಲಿಗೆಯಲ್ಲಿ. ಎರಡು ತುಂಡು ಜೋಡಿಸಿ ಮಧ್ಯೆ ಹೊಲಿಗೆ ಹಾಕಿದ್ದೆ. ರಾತ್ರಿ ಅಂಗಳಕ್ಕಿಳಿದು ನೋಡಿದರೆ ಪರದೆಯ ಉದ್ದಕ್ಕೂ ಚುಕ್ಕಿ ಚುಕ್ಕಿ ಬೆಳಕು: ಹದಿನಾರು ನಂಬರಿನ ಸೂಜಿ ಮಾಡಿದ ತೂತುಗಳು! ಆದ್ದರಿಂದ ಮಧ್ಯೆ ಜೋಡಣೆ ಬೇಡ. ಮಾಡಲೇಬೇಕಾದರೆ ಪ್ಯಾಂಟಿನ ಕಾಲಿಗೆ ಹಾಕುವಂತೆ ಅಂಚುಗಳನ್ನು ಒಂದರೊಳಗೊಂದು ಮಡಚಿ ಹೊಲಿದು, ಹಿಂದೆ ಇನ್ನೊಂದು ಪಟ್ಟಿಯನ್ನು ಅಂಟಿಸಿ.

ಸರಳಿಗೆ ತೂಗುಹಾಕಿದರೆ ಮೇಲಿನ ಸಂದಿಯಿಂದ ಬೆಳಕು ನುಗ್ಗುತ್ತದೆ. ಚೌಕಟ್ಟಿನ ಸುತ್ತ ವೆಲ್ಕ್ರೋ ಅಂಟಿಸಿ, ಪರದೆಯನ್ನು ಅದಕ್ಕೆ ಒತ್ತಿಬಿಡಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಮರಳು ತುಂಬಿ ಅಡ್ಡಡ್ಡ ಇಡಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನವರು 1939ರ ಸೆಪ್ಟೆಂಬರ್ 1ರಿಂದ ಐದು ವರ್ಷ ಪ್ರತಿ ಸಂಜೆ ಹೀಗೆ ಮುಚ್ಚಿದರು. ಗೆರೆಯಷ್ಟು ಬೆಳಕು ಕಂಡರೂ ಬೀದಿ ಕಾಯುವ ವಾರ್ಡನ್ ಬಾಗಿಲು ತಟ್ಟುತ್ತಿದ್ದ, ದಂಡವೂ ಬೀಳುತ್ತಿತ್ತು. ಅದು ಚಳಿಯ ದೇಶ. ಮೇ ತಿಂಗಳ ರಾಯಚೂರಿನಲ್ಲಿ ಇಡೀ ಮನೆಗೆ ಡೆನಿಮ್ ಹೊದಿಸಿದರೆ ಒಳಗಿನವರು ಬೆಂದುಹೋಗುತ್ತಾರೆ. ಒಂದೇ ಕೋಣೆಗೆ ಕಟ್ಟಿ, ಉಳಿದ ಕೋಣೆಗಳ ದೀಪ ಆರಿಸಿ. ಏರಿಳಿಯುವ ಸೈರನ್ ಅಪಾಯದ್ದು. ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತೆಂದು ತಿಳಿದು ಪರದೆ ಕಿತ್ತುಹಾಕಿ.

‘ಈಗಿನ ಕ್ಷಿಪಣಿ ದೀಪ ನೋಡಿಕೊಂಡು ಬರುತ್ತದೆಯೇ ಮಾವ?’ ಎಂದು ಅಳಿಯ ನಕ್ಕ. ಇಲ್ಲ, ನಿಜ. ಆದರೆ ಸ್ಫೋಟದ ಹೊಡೆತಕ್ಕೆ ಕಿಟಕಿ ಒಡೆದರೆ ಗಾಜಿನ ಚೂರು ಹಾಸಿಗೆಗೆ ಹಾರದಂತೆ ಈ ದಪ್ಪ ಬಟ್ಟೆ ಅಷ್ಟಿಷ್ಟು ತಡೆದೀತು ಎಂದೆ. ಸುಮ್ಮನಾದ.

ಕೊನೆಗೆ ಒಳಗೆ ದೀಪ ಹಚ್ಚಿಸಿ, ನೀವು ಹೊರಗೆ ಕತ್ತಲಲ್ಲಿ ಹತ್ತು ನಿಮಿಷ ನಿಂತು ಕಣ್ಣು ಪಳಗಿದ ಮೇಲೆ ಮನೆಯ ಸುತ್ತ ಬನ್ನಿ. ಮಗಳು ಹಾಗೆ ಬಂದಾಗ ಪರದೆ ಗೆದ್ದಿತು. ಪಕ್ಕದ ಕತ್ತಲ ಕೋಣೆಯ ಕಿಟಕಿಯಲ್ಲಿ ಮಾತ್ರ ಒಂದು ಹಸಿರು ಚುಕ್ಕಿ ಮಿನುಗುತ್ತಿತ್ತಂತೆ, ವೈಫೈ ಡಬ್ಬಿಯದು. ಹಣೆಯ ಸ್ಟಿಕ್ಕರ್ ತೆಗೆದು ಅದಕ್ಕೆ ಅಂಟಿಸಿದಳು.