ಎಂಜಿನ್ ಕಟ್ಟಿದ ಮೇಲೆ ಟೈಮಿಂಗ್ ಕೋಡ್ ಬಂತೇ? ಸೆನ್ಸರ್ ಕೊಳ್ಳುವ ಮೊದಲು ಪುಲ್ಲಿ ತಿರುಗಿಸಿ

ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ರಿಂಗು ಬೇರಿಂಗು ಹಾಕಿ ಕಟ್ಟಿದ್ದಾಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಹತ್ತಿದರೂ ಗಡಗಡ ನಡುಗುತ್ತದೆ. ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೆನ್ಸರಿನ ಹೆಸರೋ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನ ಹೆಸರೋ ಬರುತ್ತದೆ. ಅದನ್ನು ಓದಿದ ಮರುಗಳಿಗೆಯೇ ಹೊಸ ಸೆನ್ಸರ್ ತರಲು ಓಡುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಒಬ್ಬರಂತೂ ಮೂರು ಸೆನ್ಸರ್ ಬದಲಿಸಿದ ಮೇಲೆ ನನ್ನನ್ನು ಕರೆದರು; ನೋಡಿದರೆ ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಹಿಂದೆ ಕೂತಿತ್ತು. ಬಿಚ್ಚುವ ಮುಂಚೆ ಸರಿಯಾಗಿದ್ದ ಸೆನ್ಸರ್ ಕಟ್ಟಿದ ದಿನವೇ ತಾನಾಗಿ ಸಾಯುವುದು ಅಪರೂಪ. ಸತ್ತಿದ್ದರೆ ನಾವೇ ಕೊಂದಿರುತ್ತೇವೆ. ಹಾಗಾಗಿ ಹುಡುಕಾಟ ನಮ್ಮ ಕೈಕೆಲಸದಿಂದಲೇ ಶುರುವಾಗಲಿ.

ಹಂತ 1: ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ. ಪಿ0335 ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್ ಕುರಿತದ್ದು, ಪಿ0340 ಕ್ಯಾಮ್ ಸೆನ್ಸರಿನದ್ದು. ಪಿ0016ರಿಂದ ಪಿ0019ರವರೆಗಿನವು ಬೇರೆಯೇ ಜಾತಿ. ಅಲ್ಲಿ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್ ಎಂಬ ಸಾಕ್ಷಿಗಳಿಬ್ಬರೂ ಮಾತಾಡುತ್ತಿದ್ದಾರೆ, ಹೇಳಿಕೆ ಮಾತ್ರ ತಾಳೆಯಾಗುತ್ತಿಲ್ಲ. ಈ ಗುಂಪಿನ ಕೋಡ್ ಬಂದರೆ ಸ್ಟಾರ್ಟರ್ ಮುಟ್ಟಬೇಡಿ. ಟೈಮಿಂಗ್ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುವಂಥ ಎಂಜಿನ್ ನಿಮ್ಮದಾಗಿದ್ದರೆ ಇನ್ನೊಂದು ಸಲ ತಿರುಗಿಸಿ ನೋಡುವ ಆಸೆ ದುಬಾರಿಯಾದೀತು.

ಹಂತ 2: ಕನೆಕ್ಟರ್‌ಗಳನ್ನು ಒಂದೊಂದಾಗಿ ಎಳೆದು ನೋಡಿ, ಎಂಜಿನ್ನಿನ ಅರ್ತ್ ಪಟ್ಟಿ ಬಿಗಿಯಾಗಿದೆಯೇ ನೋಡಿ. ಇನ್‌ಟೇಕ್ ಕ್ಯಾಮಿನ ಮತ್ತು ಎಕ್ಸಾಸ್ಟ್ ಕ್ಯಾಮಿನ ಸೆನ್ಸರ್‌ಗಳಿಗೆ ಒಂದೇ ಬಗೆಯ ಪ್ಲಗ್ ಇದ್ದರೆ ಅದಲುಬದಲಾಗಿರಬಹುದು. ಅರ್ತ್ ಪಟ್ಟಿ ಮರೆತು ಅರ್ಧ ದಿನ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಹಂತ 3: ಟೈಮಿಂಗ್ ನಿಜಕ್ಕೂ ಸರಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ. ಕವರ್ ತೆಗೆದು, ಗುರುತುಗಳ ಮೇಲೆ ಟಾರ್ಚ್ ಬಿಟ್ಟು, ‘ಸರಿ ಇದೆ’ ಎಂದು ಮುಚ್ಚಿಬಿಡುತ್ತಾರೆ. ಗುರುತೇ ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನ ಅವರಿಗೆ ಬರುವುದಿಲ್ಲ. ಹಲವು ಕ್ರ್ಯಾಂಕ್ ಪುಲ್ಲಿಗಳಲ್ಲಿ ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರ್ ಇರುತ್ತದೆ. ಹಳೆಯದಾದ ರಬ್ಬರ್ ಬಿಟ್ಟುಕೊಂಡರೆ ಹೊರಗಿನ ಉಂಗುರ ಜಾರುತ್ತದೆ, ಅದರ ಮೇಲಿನ ಗುರುತೂ ಜೊತೆಗೇ ಜಾರುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಕೂರುವ ಕ್ರ್ಯಾಂಕಿನ ಹಲ್ಲುಗಾಲಿಗೆ ಕೀಲಿಯೇ ಇಲ್ಲ. ಬೋಲ್ಟಿನ ಬಿಗಿತವೊಂದೇ ಅದನ್ನು ಹಿಡಿದಿರುತ್ತದೆ. ಅಲ್ಲಿ ಕದಲದಂತೆ ಹಿಡಿಯುವ ಲಾಕಿಂಗ್ ಪಿನ್ ಇಲ್ಲದೆ ಕೈ ಹಾಕಲೇಬೇಡಿ.

ಹಾಗಾಗಿ ಪಿಸ್ಟನ್ನನ್ನೇ ಕೇಳಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ. ಒಂದನೇ ಸಿಲಿಂಡರಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಬಿಡಿ. ಸ್ಕ್ರೂ ಡ್ರೈವರ್ ಬೇಡ, ಅದು ಸಿಕ್ಕಿಕೊಂಡರೆ ಹೊಸ ಪಿಸ್ಟನ್ ಗೀಚಿಹೋಗುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ. ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಕೊಳವೆ ಮೇಲೇರುತ್ತಾ ಬಂದು ತುದಿಯಲ್ಲಿ ನಿಂತಂತೆ ಕಾಣುತ್ತದೆ. ಇದೇ ಮೇಲ್ತುದಿ ಎಂದುಕೊಂಡರೆ ಮೋಸ ಹೋದಿರಿ. ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಕದಲಿದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಕೊಳವೆ ಇನ್ನೂ ಏರುತ್ತಿರುವಾಗಲೇ ನಿಲ್ಲಿಸಿ, ಕೊಳವೆಯ ಮೇಲೊಂದು ಗೆರೆ, ಪುಲ್ಲಿಯ ಮೇಲೊಂದು ಗೆರೆ ಎಳೆಯಿರಿ. ತುದಿ ದಾಟಿಸಿ, ಕೊಳವೆ ಇಳಿಯುತ್ತಾ ಅದೇ ಗೆರೆಗೆ ಬಂದಾಗ ಪುಲ್ಲಿಗೆ ಇನ್ನೊಂದು ಗೆರೆ ಹಾಕಿ. ಎರಡು ಗೆರೆಗಳ ನಟ್ಟನಡುವೆ ಇರುವುದೇ ನಿಜವಾದ ಮೇಲ್ತುದಿ. ಕಾರ್ಖಾನೆಯ ಗುರುತು ಅದಕ್ಕೆ ಹೊಂದದಿದ್ದರೆ ಗುರುತನ್ನು ನಂಬಬೇಡಿ.

ಈಗ ಪೂರ್ತಿ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿಸಿ ಮೇಲ್ತುದಿಗೆ ತನ್ನಿ. ಕ್ಯಾಮ್ ಗಾಲಿಯ ಗುರುತು ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ಹೊಸ ಬೆಲ್ಟಿನ ಮೇಲೆ ಮುದ್ರಿಸಿದ ಬಿಳಿ ಗೆರೆಗಳು ಮಾತ್ರ ಆಗ ಗಾಲಿಯ ಗುರುತಿಗೆ ಸೇರುವುದಿಲ್ಲ. ಅವು ಕೂರಿಸುವ ಹೊತ್ತಿಗೆ ಮಾತ್ರ ಬೇಕಾದವು. ಅದನ್ನು ಕಂಡು ಗಾಬರಿಯಾಗಿ, ಸರಿಯಿದ್ದ ಬೆಲ್ಟನ್ನು ಬಿಚ್ಚಿ ಕೆಡಿಸಿದವರಿದ್ದಾರೆ.

ಗುರುತು ಸ್ವಲ್ಪ ಆಚೀಚೆ ಇದ್ದರೆ ನಡೆಯುತ್ತದೆ ಎನ್ನುವವರಿಗೆ ಒಂದು ಲೆಕ್ಕ: ಕ್ಯಾಮ್ ಗಾಲಿಗೆ 40 ಹಲ್ಲಿದ್ದರೆ ಒಂದು ಹಲ್ಲು ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18 ಡಿಗ್ರಿ. ತಪ್ಪು ಎಲ್ಲಾಗುತ್ತದೆ ಗೊತ್ತೇ? ಬೆಲ್ಟಿನ ಎಳೆಯುವ ಬದಿಯಲ್ಲಿ ಸಡಿಲ ಉಳಿಸಿ, ಬೆಲ್ಟ್ ಬಿಗಿಯುವ ಟೆನ್ಷನರ್ ಬಿಟ್ಟಾಗ. ಕ್ರ್ಯಾಂಕ್ ಮೊದಲು ಆ ಸಡಿಲವನ್ನು ನುಂಗಿಕೊಂಡು ಆಮೇಲೆ ಕ್ಯಾಮನ್ನು ಎಳೆಯುತ್ತದೆ, ಕ್ಯಾಮ್ ಹಿಂದೆ ಬೀಳುತ್ತದೆ. ಎಳೆಯುವ ಬದಿ ತಂತಿಯಂತೆ ಬಿಗಿದಿರಲಿ. ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೆ ಬಂದ ಮೇಲಷ್ಟೇ ಅದನ್ನು ಬಿಡಿ.

ಹಂತ 4: ಸೆನ್ಸರ್ ಬಿಚ್ಚಿ ಮೂತಿ ನೋಡಿ. ಒಳಗೆ ಆಯಸ್ಕಾಂತ ಇರುವ ಸೆನ್ಸರ್ ಆದರೆ ಕಬ್ಬಿಣದ ಪುಡಿ ಗಡ್ಡದಂತೆ ಮೆತ್ತಿಕೊಂಡಿರುತ್ತದೆ. ಒರೆಸಿ. ಅದೇ ತೂತಿನಿಂದ, ಸೆನ್ಸರ್ ಓದುವ ಹಲ್ಲಿನ ಉಂಗುರವನ್ನೂ ಪರೀಕ್ಷಿಸಿ. 60ರಲ್ಲಿ ಎರಡು ಹಲ್ಲು ಬಿಟ್ಟ ಉಂಗುರವಾದರೆ ಹಲ್ಲಿಗೆ 6 ಡಿಗ್ರಿ, ಆ ಖಾಲಿ ಜಾಗವೇ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ಎಣಿಕೆಯ ಆರಂಭ. ಕ್ರ್ಯಾಂಕನ್ನು ಬೆಂಚಿನ ಮೇಲೆ ಉಂಗುರದ ಅಂಚಿಗೆ ಊರಿ ಮಲಗಿಸಿದ್ದರೆ ಒಂದು ಹಲ್ಲು ಬಾಗಿದ್ದೀತು. ಕೆಲವು ಎಂಜಿನ್‌ಗಳಲ್ಲಿ ಹಲ್ಲೇ ಇಲ್ಲ, ಸೀಲಿನ ಜೊತೆಗೇ ಆಯಸ್ಕಾಂತದ ಉಂಗುರ ಬರುತ್ತದೆ. ಅದನ್ನು ನಟ್ಟು ಬೋಲ್ಟು ಹಾಕುವ ಮ್ಯಾಗ್ನೆಟ್ ತಟ್ಟೆಯಲ್ಲಿ ಇಟ್ಟಿದ್ದರೆ ಅದರ ಕಥೆ ಮುಗಿಯಿತು. ಉಂಗುರಕ್ಕೂ ಮೂತಿಗೂ ನಡುವಿನ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ನಿಮ್ಮ ಎಂಜಿನ್ನಿನ ಕೈಪಿಡಿ ಹೇಳಿದ್ದೇ ಅಂತಿಮ. ಸೆನ್ಸರ್ ಕೆಳಗೆ ವಾಷರ್ ಸೇರಿಸುವ ಜಾಣತನ ಬೇಡ.

ಹಂತ 5: ಮೀಟರ್ ಹಿಡಿಯಿರಿ. ಎರಡು ತಂತಿಯ ಸೆನ್ಸರ್ ಸಾಮಾನ್ಯವಾಗಿ ಸುರುಳಿಯದ್ದು, ಅದರ ಓಮ್ ಅಳೆಯಬಹುದು. ಟೈಮಿಂಗ್ ಸರಿಯೆಂದು ಖಾತ್ರಿಯಾಗಿದ್ದರೆ ಬ್ಯಾಟರಿ ತಂತಿ ಮತ್ತೆ ಜೋಡಿಸಿ ಸ್ಟಾರ್ಟರ್ ತಿರುಗಿಸಿ; ಆಗ ಎಸಿ ವೋಲ್ಟ್ ಕಾಣಿಸಬೇಕು. ತಂತಿ ತುಂಡಾಗಿ ಬೆಸೆದಿದ್ದರೆ ಎರಡೂ ಅದಲುಬದಲಾಗಿಲ್ಲವೇ ನೋಡಿ. ವೋಲ್ಟ್ ಬರುತ್ತದೆ, ಆದರೆ ಅಲೆ ತಲೆಕೆಳಗಾಗಿ ಇಸಿಯು ದಾರಿ ತಪ್ಪುತ್ತದೆ. ಮೂರು ತಂತಿಯದ್ದು ಹೆಚ್ಚಾಗಿ ಹಾಲ್ ಸೆನ್ಸರ್, ಅಂದರೆ ಸುರುಳಿಯ ಬದಲು ಆಯಸ್ಕಾಂತದ ಬಲ ಗುರುತಿಸುವ ಚಿಪ್ ಇರುವುದು. ಅದರ ಓಮ್ ಅಳೆಯುವುದು ವ್ಯರ್ಥ. ವಿದ್ಯುತ್ ಬರುತ್ತಿದೆಯೇ, ಅರ್ತ್ ಸರಿಯೇ, ಕೈಯಲ್ಲಿ ಎಂಜಿನ್ ತಿರುಗಿಸಿದಂತೆ ಸಿಗ್ನಲ್ ಏರಿಳಿಯುತ್ತಿದೆಯೇ, ಇಷ್ಟು ನೋಡಿ. ತಂತಿಯ ಹೊದಿಕೆಗೆ ಸೂಜಿ ಚುಚ್ಚಬೇಡಿ, ಕನೆಕ್ಟರಿನ ಹಿಂಬದಿಯಿಂದ ಅಳೆಯಿರಿ. ಇಷ್ಟಾದ ಮೇಲೂ ಸೆನ್ಸರೇ ಅಪರಾಧಿ ಎಂದಾದರೆ ಕಂಪನಿಯದ್ದನ್ನೇ ಹಾಕಿ. ಅಗ್ಗದ ನಕಲಿ ಸೆನ್ಸರ್ ತಣ್ಣಗಿದ್ದಾಗ ಚೆನ್ನಾಗಿ ನಡೆದು, ಎಂಜಿನ್ ಕಾದ ಮೇಲೆ ಕೈಕೊಡುವುದನ್ನು ಹಲವು ಬಾರಿ ಕಂಡಿದ್ದೇನೆ.

ಹಂತ 6: ಆಸಿಲೋಸ್ಕೋಪ್ ಸಿಕ್ಕರೆ ಎರಡೂ ಸೆನ್ಸರ್‌ಗಳ ಅಲೆಗಳನ್ನು ಒಟ್ಟಿಗೆ ಹಾಕಿ, ಅದೇ ಮಾದರಿಯ ಸರಿಯಾದ ಎಂಜಿನ್ನಿನ ಚಿತ್ರದೊಂದಿಗೆ ಹೋಲಿಸಿ. ಕೊನೆಗೆ ಕೋಡ್ ಅಳಿಸಿ. ಕ್ರ್ಯಾಂಕ್ ಸೆನ್ಸರಿಗೆ ಮರುಕಲಿಕೆ ಬೇಕೆಂದು ಕೈಪಿಡಿ ಹೇಳಿದ್ದರೆ ಅದನ್ನು ಸ್ಕ್ಯಾನರಿನಿಂದ ಮಾಡಿಸಿ. ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು, ಆರಿಸಿ, ಆ ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಿದ ಮೇಲೆ ಕವರಿನ ಬೋಲ್ಟ್‌ಗಳನ್ನು ಬಿಗಿ ಮಾಡಿ.