ಹದಿನಾರು ಯೂನಿಟ್ ಅಲ್ಲ, ಇಡೀ ವಯಲ್

“ಚಿಕ್ಕಮ್ಮ, ಒಂದು ಪಾಯಿಂಟ್ ಆರು ಅಂದ್ರೆ ಈ ಸಿರಿಂಜಲ್ಲಿ ಹದಿನಾರು ಗೆರೆ ತಾನೆ?” ಅಕ್ಕನ ಮಗ ಫೋನಿನಲ್ಲಿ ಕೇಳಿದಾಗ ಕೈಯಲ್ಲಿದ್ದ ಸೌಟು ಹಾಗೇ ಕೆಳಗಿಟ್ಟೆ. “ಏನೂ ಮುಟ್ಟಬೇಡ, ನಾನೇ ಬರ್ತೀನಿ” ಅಂದೆ.

ಭಾವನಿಗೆ ಕೀಮೋ ನಡೆಯುತ್ತಿತ್ತು. ಎರಡು ಸಲ ಸೋಂಕು ಬಂದು ಅಡ್ಮಿಟ್ ಆಗಿದ್ದರು. ಡಾಕ್ಟರು ಥೈಮೋಸಿನ್ ಆಲ್ಫಾ 1 ಬರೆದುಕೊಟ್ಟಿದ್ದರು: 1.6 ಮಿಲಿಗ್ರಾಂ, ಚರ್ಮದಡಿಗೆ, ವಾರಕ್ಕೆ ಎರಡು ಸಲದಂತೆ ಎಂಟು ವಾರ. ನಮ್ಮೆಲ್ಲರ ಎದೆಗೂಡಿನಲ್ಲಿ ಥೈಮಸ್ ಅಂತ ಒಂದು ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದಾಗಿದ್ದು ವಯಸ್ಸಾಗುತ್ತ ಕುಗ್ಗುತ್ತದೆ. ಸೋಂಕಿನ ಜೊತೆ ಹೋರಾಡುವ ಟಿ ಕಣಗಳು ಪಳಗುವುದು ಅಲ್ಲಿ. ಅದರಲ್ಲಿ ಸಿಕ್ಕ 28 ಅಮೈನೋ ಆಮ್ಲಗಳ ಸಣ್ಣ ಸರಪಳಿಯನ್ನೇ ಈಗ ಔಷಧವಾಗಿ ತಯಾರಿಸುತ್ತಾರೆ. ಕೆಲವು ದೇಶಗಳಲ್ಲಿ ಹೆಪಟೈಟಿಸ್ ಬಿ ಕಾಯಿಲೆಗೂ ಕೊಡುವುದುಂಟು. “ಖಾತ್ರಿ ಇಲ್ಲ, ನೋಡೋಣ” ಅಂತಲೇ ಡಾಕ್ಟರು ಬರೆದದ್ದು. ನನಗೆ ಅವರ ಮೇಲೆ ನಂಬಿಕೆ ಬಂದದ್ದೂ ಆ ಮಾತಿನಿಂದಲೇ.

ಇನ್ನು ಹುಡುಗನ ಹದಿನಾರು ಗೆರೆ. ಅವನ ಕೈಯಲ್ಲಿದ್ದದ್ದು ಅಜ್ಜಿಯ ಇನ್ಸುಲಿನ್ ಸಿರಿಂಜು, ಕೆಂಪು ಮುಚ್ಚಳದ್ದು. ಅದರಲ್ಲಿ 40 ಯೂನಿಟ್ ಅಂದರೆ ಒಂದು ಎಂಎಲ್. ಕಿತ್ತಳೆ ಮುಚ್ಚಳದ್ದಾದರೆ ಅದೇ ಒಂದು ಎಂಎಲ್‌ಗೆ 100 ಯೂನಿಟ್. ವಯಲ್‌ನಲ್ಲಿರುವ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿರುವ, 1.6 ಮಿಲಿಗ್ರಾಂ ಪುಡಿಗೆ ಒಂದು ಎಂಎಲ್ ನೀರು ಹಾಕಿದ ಮೇಲೆ ಕೆಂಪಿನಲ್ಲಿ ಹದಿನಾರು ಗೆರೆ ಎಳೆದರೆ ಹೋಗುವುದು 0.64 ಮಿಲಿಗ್ರಾಂ. ಕಿತ್ತಳೆಯಲ್ಲಿ ಎಳೆದರೆ 0.256. ಸರಿಯಾದ ಡೋಸು ಎರಡೂ ಅಲ್ಲ. ಇನ್ಸುಲಿನ್ ಯೂನಿಟ್ಟಿಗೂ ಈ ಔಷಧದ ಮಿಲಿಗ್ರಾಮಿಗೂ ಸಂಬಂಧವೇ ಇಲ್ಲ. ಭಾವನಿಗೆ ಬರೆದಿದ್ದದ್ದು ಇಡೀ ವಯಲ್. ಆ ಸಿರಿಂಜುಗಳನ್ನು ಅಜ್ಜಿಯ ಡಬ್ಬಿಗೆ ವಾಪಸು ಹಾಕಿಸಿ, ಮೆಡಿಕಲ್ ಶಾಪಿನಿಂದ ಎಂಎಲ್ ಗೆರೆಯ ಸಿರಿಂಜು ತರಿಸಿದೆ.

ವಯಲ್‌ಗಳನ್ನು ಫ್ರಿಜ್ ಬಾಗಿಲಿನಿಂದ ತೆಗೆದು ಮಧ್ಯದ ತಟ್ಟೆಯಲ್ಲಿಟ್ಟೆ. 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಬಾರದು.

ಬೆರೆಸುವಾಗ ನಾನು ಟಿವಿ ಆರಿಸುತ್ತೇನೆ. ಸೋಪು ಹಾಕಿ ಕೈ ತೊಳೆದು, ವಯಲ್‌ನ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡುತ್ತೇನೆ. ಬಾಯಲ್ಲಿ ಊದಬಾರದು (ಅಕ್ಕ ಊದಲು ಹೋಗಿದ್ದಳು). ಸ್ಟೆರೈಲ್ ವಾಟರ್ ಒಂದು ಎಂಎಲ್ ಎಳೆದು, ಸೂಜಿಯ ತುದಿಯನ್ನು ಗಾಜಿನ ಗೋಡೆಗೆ ತಾಗಿಸಿ ನೀರು ಮೆಲ್ಲಗೆ ಇಳಿಯುವಂತೆ ಒತ್ತುತ್ತೇನೆ. ಕುಲುಕುವುದಿಲ್ಲ. ಅಂಗೈಗಳ ನಡುವೆ ಹೊರಳಿಸಿದರೆ ಪುಡಿ ತಾನೇ ಕರಗುತ್ತದೆ. ಬೆಳಕಿಗೆ ಹಿಡಿದಾಗ ಕುಡಿಯುವ ನೀರಿನಷ್ಟು ತಿಳಿಯಾಗಿರಬೇಕು. ಒಂದು ನೂಲು, ಒಂದು ಚುಕ್ಕೆ ಕಂಡರೂ ಆ ವಯಲ್ ಬೇಡ.

ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ದುಡಿದವಳು ನಾನು. ಆದರೂ ಮೂರನೇ ವಾರ ಮಾತಾಡುತ್ತ ನೀರನ್ನು ನೇರ ಪುಡಿಯ ಮೇಲೇ ಜೋರಾಗಿ ಬಿಟ್ಟೆ. ವಯಲ್ ತುಂಬ ನೊರೆ. ಎಳೆದರೆ ಬರೀ ಗುಳ್ಳೆ. ನೊರೆ ಇಳಿಯುವವರೆಗೆ ಕಾಲು ಗಂಟೆ ಸುಮ್ಮನೆ ಕೂತೆವು. “ಸಿಸ್ಟರಮ್ಮ, ನೊರೆ ಹಾಲು ಕರೆದ ಹಾಗಾಯ್ತಲ್ಲ” ಅಂತ ಭಾವ ನಕ್ಕರು. ವಯಲ್ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ. ನನಗೆ ನಗು ಬರಲಿಲ್ಲ.

ರಬ್ಬರು ಚುಚ್ಚಿದ ಸೂಜಿ ಮೊಂಡಾಗಿರುತ್ತದೆ. ಅದನ್ನು ತೆಗೆದು ಹೊಸ ಸಣ್ಣ ಸೂಜಿ ಹಾಕುತ್ತೇನೆ. ಭಾವ ತುಂಬ ಸೊರಗಿದ್ದರು. ಹೊಕ್ಕುಳಿನಿಂದ ಎರಡು ಬೆರಳು ದೂರದಲ್ಲಿ ಚರ್ಮವನ್ನು ಮಡಿಕೆಯಾಗಿ ಹಿಡಿದು, ಓರೆಯಾಗಿ ಚುಚ್ಚಿ ನಿಧಾನ ಬಿಡುತ್ತಿದ್ದೆ. ಆಮೇಲೆ ಹತ್ತಿ ಒತ್ತಿ ಹಿಡಿಯುವುದಷ್ಟೇ, ತಿಕ್ಕುವುದಿಲ್ಲ. ಬೆರೆಸಿದ್ದನ್ನು ಆಗಲೇ ಕೊಡಬೇಕು, ನಾಳೆಗೆಂದು ಫ್ರಿಜ್ಜಿನಲ್ಲಿಡುವಂತಿಲ್ಲ.

ಈ ನಡುವೆ ಪಕ್ಕದ ಮನೆಯ ಜಿಮ್ ಹುಡುಗ ಇದೇ ಹೆಸರಿನ ವಯಲ್ ಹಿಡಿದು ಬಂದ. 10 ಮಿಲಿಗ್ರಾಮಿನದು, ಆನ್‌ಲೈನಿನಲ್ಲಿ ತರಿಸಿದ್ದು. ತಯಾರಕರ ವಿಳಾಸವಿಲ್ಲ. ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತ ಅದರ ಮೇಲೇ ಅಚ್ಚಾಗಿತ್ತು. “ಇಮ್ಯುನಿಟಿಗೆ ಆಂಟಿ, ನೀರು ಹಾಕಿಕೊಡಿ ಸಾಕು.” ಹಾಕಿಕೊಡಲಿಲ್ಲ. ಒಳಗೆ ಏನಿದೆಯೋ, ಎಷ್ಟಿದೆಯೋ, ಶುದ್ಧವಾಗಿದೆಯೋ ಗೊತ್ತಿಲ್ಲದ ಪುಡಿಗೆ ನನ್ನ ಲೆಕ್ಕ ಯಾವುದೂ ನಡೆಯದು. ಚೀನಾದಲ್ಲಿ ಸೋಂಕಿನಿಂದ ಅಂಗಾಂಗಗಳೇ ಸೋಲುವ ಸೆಪ್ಸಿಸ್‌ನ 1106 ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅಸಲಿ ಔಷಧ ಕೊಟ್ಟರೂ 28 ದಿನದೊಳಗಿನ ಸಾವು ಕಡಿಮೆಯಾಗಲಿಲ್ಲ ಅಂತ 2025ರಲ್ಲಿ ವರದಿಯಾಯಿತು. ಅದನ್ನೂ ಹೇಳಿದೆ. ಮುಖ ಊದಿಸಿಕೊಂಡು ಹೋದ.

ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರ, ಶುಕ್ರವಾರಗಳಿಗೆ ‘ಎ’, ‘ಬ’ ಅಂತ ಬರೆಯುತ್ತಿದ್ದರು. ಹೊಟ್ಟೆಯ ಎಡಕ್ಕೋ ಬಲಕ್ಕೋ ಅನ್ನುವ ಗುರುತು. ಆ ಎಂಟು ವಾರ ಜ್ವರ ಬರಲಿಲ್ಲ. ನಡುವೆ ಕೀಮೋನೂ ಮುಗಿದಿತ್ತು, ಹಾಗಾಗಿ ಯಾವುದರಿಂದ ಅಂತ ನಾನು ಹೇಳಲಾರೆ. ಕೊನೆಯ ‘ಬ’ ಬರೆದ ದಿನ ಸೂಜಿಗಳನ್ನು ತುಂಬಿಟ್ಟಿದ್ದ ದಪ್ಪ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಕೊಟ್ಟುಬಂದೆ.