ಫೋನ್ ಎತ್ತದ ವಕೀಲರು, ಲೆಕ್ಕ ಕೊಡದ ಫೀಸು: ನನ್ನ ಅನುಭವ

ವಕೀಲರು ಕೈಗೆ ಸಿಗುತ್ತಿಲ್ಲ ಎಂದ ಕೂಡಲೇ ಎಲ್ಲರೂ ಫೀಸಿನ ಜಗಳಕ್ಕೆ ಇಳಿಯುತ್ತಾರೆ. ಅದನ್ನು ಕೊನೆಗಿಡಿ. ಮೊದಲು ಕೇಸು ಉಳಿಯಬೇಕು, ಆಮೇಲೆ ಫೈಲು ಕೈಗೆ ಬರಬೇಕು, ದುಡ್ಡಿನ ಮಾತು ಮೂರನೆಯದು. ಕೊಡಗಿನಲ್ಲಿ ತಲೆಮಾರುಗಳಿಂದ ಬಂದ ನಮ್ಮ ಜಮ್ಮಾ ಆಸ್ತಿಯ ವಿಭಾಗ (ಪಾಲು) ದಾವೆಯಲ್ಲಿ ನಾನು ಹಿಡಿದ ದಾರಿ ಇದು.

ಕೇಸಿನ ಸ್ಥಿತಿ ತಿಳಿಯಲು ವಕೀಲರನ್ನು ಕಾಯಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರಗಳ ಗುರುತು, ಅಂದರೆ ಸಿಎನ್‌ಆರ್ ಸಂಖ್ಯೆ ಹಾಕಿದರೆ ಸಾಕು. ಸಂಖ್ಯೆ ಇಲ್ಲದಿದ್ದರೆ ಕೊಡಗು ಜಿಲ್ಲೆ, ನಂತರ ಮಡಿಕೇರಿ ಅಥವಾ ವಿರಾಜಪೇಟೆ ಎಂದು ನಿಮ್ಮ ಕೋರ್ಟು ಆರಿಸಿ ಕಕ್ಷಿದಾರರ ಹೆಸರಿನಿಂದ ಹುಡುಕಿ. ನಮ್ಮ ಮನೆಹೆಸರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬ ಗುಮಾಸ್ತರ ಕೈಯಲ್ಲಿ ಒಂದೊಂದು ತರ. ಸಿಗದಿದ್ದರೆ ಬದಲಿಸಿ ನೋಡಿ. ಹಿಂದಿನ ಒಂದೊಂದು ವಾಯಿದೆ ತಾರೀಖನ್ನೂ ಒತ್ತಿ, ಅಂದು ಏನಾಯಿತೆಂದು ಓದಿ. ‘ವಾದಿ ಗೈರು’, ‘ಕೊನೆಯ ಅವಕಾಶ’ ಎಂಬ ಮಾತು ಕಂಡರೆ ಮುಂದಿನ ವಾಯಿದೆಗೆ ನೀವೇ ಕೋರ್ಟಿಗೆ ಹೋಗಿ, ಕೂಗಿದಾಗ ಎದ್ದು ನಿಂತು, ವಕೀಲರನ್ನು ಬದಲಿಸಲು ಸಮಯ ಕೇಳಿ.

ಗೈರಿನಿಂದ ದಾವೆ ವಜಾ ಆಗಿಬಿಟ್ಟಿದ್ದರೆ ಮತ್ತೆ ತೆರೆಸುವ ಅರ್ಜಿಗೆ 30 ದಿನ. ತಡವಾದರೆ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗಿಡಬೇಕು. ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರ ನರಳಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲೇ ರಫೀಕ್ ಪ್ರಕರಣದಲ್ಲಿ ಹೇಳಿದೆ. ಆದರೆ ‘ವಕೀಲರು ತಿಳಿಸಲಿಲ್ಲ’ ಎಂಬ ಒಂದೇ ಸಾಲನ್ನು ಈಗ ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. ನೀವು ಕೇಳುತ್ತಲೇ ಇದ್ದಿರಿ ಎನ್ನುವುದಕ್ಕೆ ವಾಟ್ಸ್‌ಆ್ಯಪ್ ಸಂದೇಶ, ಕರೆಗಳ ಪಟ್ಟಿ ಬೇಕು.

ಕಾಗದ ಬರೆಯುವ ಮುಂಚೆ ಒಂದು ಮಾತು. ಕಾಫಿ ಕುಯ್ಲಿನ ಹೊತ್ತಿನಲ್ಲಿ ಇಲ್ಲಿ ಕೆಲವು ವಕೀಲರೂ ತೋಟದಲ್ಲೇ ಇರುತ್ತಾರೆ. ಒಂದು ವಾರದ ಮೌನವನ್ನು ದೊಡ್ಡದು ಮಾಡಬೇಡಿ. ಅದು ದಾಟಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಪತ್ರದಲ್ಲಿ ಕೇಸ್ ನಂಬರ್, ಮುಂದಿನ ವಾಯಿದೆ, ಬೇಕಾದ ಕಾಗದಗಳ ಪಟ್ಟಿ, ಉತ್ತರಕ್ಕೆ ಗಡುವು ಇರಲಿ. ಬೈಗುಳ ಒಂದೂ ಬೇಡ. ಆ ಪತ್ರ ಮುಂದೆ ಬೇರೆಯವರ ಮೇಜಿಗೂ ಹೋಗುತ್ತದೆ.

ಸಣ್ಣ ಊರು, ಸಣ್ಣ ವಕೀಲರ ಸಂಘ. ಮೊದಲಿನವರ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಒಪ್ಪಿಗೆ) ಇಲ್ಲದೆ ಹೊಸಬರು ಫೈಲು ಮುಟ್ಟಲು ಹಿಂಜರಿಯುತ್ತಾರೆ, ನಿಯಮವೂ ಹಾಗೇ ಇದೆ. ಎನ್‌ಒಸಿ ಕೊಡದಿದ್ದರೆ ಹಳೆಯ ವಕಾಲತ್ತು (ವಕೀಲರಿಗೆ ನೀವು ಕೊಟ್ಟ ಅಧಿಕಾರಪತ್ರ) ಕೊನೆಗೊಳಿಸಲು ಅನುಮತಿ ಕೋರಿ, ನೀವೇ ಸಹಿ ಮಾಡಿದ ಅರ್ಜಿಯನ್ನು ಕೋರ್ಟಿಗೆ ಹಾಕಬಹುದು. ಮೇಲಿನ ಪತ್ರವನ್ನು ಅದಕ್ಕೆ ಲಗತ್ತಿಸಿ.

‘ಬಾಕಿ ಫೀಸು ಕೊಟ್ಟರೆ ಮಾತ್ರ ಫೈಲು’ ಎಂದರೆ ಬಗ್ಗಬೇಡಿ. ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಜಮಾಬಂದಿ (ಕಂದಾಯ ದಾಖಲೆ), ಹಳೆಯ ಪತ್ರಗಳ ಅಸಲು ಸಾಕ್ಷ್ಯದಲ್ಲಿ ಗುರುತಾಗಿದ್ದರೆ ಅವು ಕೋರ್ಟಿನ ಕಡತದಲ್ಲಿರುತ್ತವೆ, ವಕೀಲರ ಬೀರುವಿನಲ್ಲಲ್ಲ. ದಾಖಲೆ ಪಟ್ಟಿ ನೋಡಿಯೇ ಕೇಳಿ. ದಾವಾ ಪ್ರತಿ, ಆರ್ಡರ್ ಶೀಟ್‌ಗಳ ದೃಢೀಕೃತ ನಕಲನ್ನು ನಕಲು ಶಾಖೆಯಲ್ಲಿ ಅರ್ಜಿ ಹಾಕಿ ನೀವೇ ಪಡೆಯಬಹುದು.

ಇನ್ನು ಲೆಕ್ಕ. ನಾನು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದೆ: ತಾರೀಖು, ಅಂದು ಕೋರ್ಟಿನಲ್ಲಿ ನಡೆದದ್ದು, ಕೊಟ್ಟ ಹಣ, ಯಾವುದಕ್ಕೆಂದು ಹೇಳಿದ್ದರು. ಎರಡನೇ ಕಾಲಂ ಇ-ಕೋರ್ಟ್ಸ್‌ನಿಂದ, ಮೂರನೆಯದು ಬ್ಯಾಂಕ್ ಮತ್ತು ಯುಪಿಐ ದಾಖಲೆಯಿಂದ. ವಾಯಿದೆಗಿಷ್ಟು ಎಂದು ಫೀಸು ಕೊಟ್ಟಿದ್ದರೆ ಜಡ್ಜ್ ರಜೆ ಹಾಕಿದ ದಿನ, ಕಲಾಪ ಬಹಿಷ್ಕಾರದ ದಿನ, ವಕೀಲರು ಗೈರಾದ ದಿನ ಎಲ್ಲ ಎದ್ದು ಕಾಣುತ್ತವೆ. ‘ಕೋರ್ಟ್ ಫೀ’ ಎಂದು ಪಡೆದ ಮೊತ್ತವನ್ನು ದಾವಾ ಪ್ರತಿಯೊಡನೆ ಇರುವ ಮೌಲ್ಯಮಾಪನ ಪಟ್ಟಿಗೆ ಹೋಲಿಸಿ. ಜಂಟಿ ಸ್ವಾಧೀನದಲ್ಲಿ ಇರುವವರು ಹೂಡುವ ವಿಭಾಗ ದಾವೆಗೆ ಕೋರ್ಟ್ ಫೀ ಸಣ್ಣ ನಿಗದಿತ ಮೊತ್ತ. ತೋಟದ ಬೆಲೆ ಎಷ್ಟೇ ಏರಿದರೂ ಅದು ಬೆಳೆಯುವುದಿಲ್ಲ. ಸ್ವಾಧೀನದಿಂದ ಹೊರಗಿಟ್ಟವರು ಹೂಡಿದರೆ ಮಾತ್ರ ಪಾಲಿನ ಬೆಲೆಯ ಮೇಲೆ ಶುಲ್ಕ. ಗೆದ್ದರೆ ತೋಟದಲ್ಲಿ ಇಷ್ಟು ಪಾಲು ಎಂಬ ಕರಾರನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಗ್ರಾಹಕರ ಆಯೋಗಕ್ಕೆ ಹೋಗಿ ಉಪಯೋಗವಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಉಳಿದದ್ದು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಕಲಂನಡಿ ದೂರು ಕೊಡಬಹುದು. ಒಂದು ವರ್ಷದೊಳಗೆ ಮುಗಿಯದಿದ್ದರೆ ಅದು ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಅಲ್ಲಿ ಸಿಗುವುದು ಶಿಸ್ತುಕ್ರಮ: ಛೀಮಾರಿ, ಅಮಾನತು, ಪಟ್ಟಿಯಿಂದ ತೆಗೆಯುವುದು. ಬರೀ ಫೀಸು ಜಾಸ್ತಿಯಾಯಿತು ಎನ್ನುವ ದೂರಿಗೆ ಅಲ್ಲಿ ಬಲವಿಲ್ಲ. ಗೈರು, ಫೈಲು ತಡೆ, ಲೆಕ್ಕ ಕೊಡದಿರುವುದು, ಇವುಗಳಿಗೆ ಬಲವಿದೆ.

ಹಣ ವಾಪಸ್ ಬೇಕಿದ್ದರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ (ದಾವೆಗೆ ಮುಂಚಿನ ರಾಜಿ ಅರ್ಜಿ) ಹಾಕಿ, ಆ ಲೆಕ್ಕದ ಹಾಳೆಯನ್ನೇ ಮುಂದಿಡಿ. ಅಲ್ಲಿ ಇತ್ಯರ್ಥ ಆಗದಿದ್ದರೆ ಸಿವಿಲ್ ದಾವೆ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ನೋಟಿಸ್ ಕಳಿಸಿದ ಮಾತ್ರಕ್ಕೆ ಅಥವಾ ಪರಿಷತ್ತಿಗೆ ದೂರು ಕೊಟ್ಟ ಮಾತ್ರಕ್ಕೆ ಆ ಎಣಿಕೆ ನಿಲ್ಲುವುದಿಲ್ಲ.